ಖಾಲಿ ಬೋರ್ಡುಗಳ ಪೋರ್ಟ್‌ಫೋಲಿಯೊ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಅವರ ಅಕ್ಕಪಕ್ಕದ ಗಣ್ಯ ಅತಿಥಿಗಳೇ, ನನ್ನನ್ನು ಅಗತ್ಯಕ್ಕಿಂತ ಹೆಚ್ಚು ಹೊಗಳಿದ ಕಲಾವಿದರ ಸಂಘದ ಕಾರ್ಯದರ್ಶಿಗಳೇ, ಹಿಂದಿನ ಸಾಲಿನಲ್ಲಿ ಆಗಲೇ ಆಕಳಿಸುತ್ತಿರುವ ಸಭಿಕರೇ,

ಇವತ್ತಿನ ಸನ್ಮಾನ ನನಗಲ್ಲ, ನನ್ನ ಮಗಳಿಗೆ. ಕೊಳ್ಳುವವರ ಮನಸ್ಸಿಗೆ ಹಿಡಿಸುವಂಥ ಪೋರ್ಟ್‌ಫೋಲಿಯೊ ಕಟ್ಟುವುದು ಹೇಗೆ ಎಂದು ಅವಳೇ ಮಾತನಾಡಬೇಕಿತ್ತು. ಮೈಕ್ ಕಂಡರೆ ಅವಳು ಮಾರು ದೂರ. "ನಮ್ಮಪ್ಪ ಮಾತಾಡ್ತಾರೆ, ಅವರಿಗೆ ಮೈಕೂ ಬೇಡ" ಅಂದುಬಿಟ್ಟಳಂತೆ. ನಿಜವೇ. ಆಯುಷ್ಯವಿಡೀ ಅಂಗಡಿಗಳ ಬೋರ್ಡು ಬರೆದವನು ನಾನು. ಏಣಿಯ ಮೇಲೆ ನಿಂತು ಬೀದಿಯವರ ಜೊತೆ ಹರಟಿದ ಗಂಟಲು ಇದು.

ಪೋರ್ಟ್‌ಫೋಲಿಯೊ ಎಂದರೇನು? ಕಲಾವಿದರು ತಮ್ಮ ಕೆಲಸದಲ್ಲಿ ಒಳ್ಳೆಯದನ್ನು ಆರಿಸಿ, ಜೋಡಿಸಿ, ಕೊಳ್ಳುವವರ ಮುಂದೆ ಬಿಚ್ಚಿಡುವ ಫೈಲು. ನನ್ನ ಮಗಳ ಮೊದಲ ಫೈಲಿನಲ್ಲಿ ಇದ್ದದ್ದೆಲ್ಲ ಬೀದಿಗಳು. ಔಷಧಿ ಅಂಗಡಿ, ಕ್ಷೌರದಂಗಡಿ, ಗಡಿಯಾರ ರಿಪೇರಿಯವನ ಗೂಡು. ಮೆಟ್ಟಿಲು ಸವೆದದ್ದು ಕೂಡ ಕಾಣುತ್ತಿತ್ತು. ಬಾಗಿಲ ಮೇಲಿನ ಬೋರ್ಡುಗಳು ಮಾತ್ರ ಖಾಲಿ! ಹೇಳಿ ಸ್ವಾಮಿ, ಬೋರ್ಡು ಬರೆಯುವವನ ಮಗಳು ಬೋರ್ಡನ್ನೇ ಖಾಲಿ ಬಿಟ್ಟರೆ ಅಪ್ಪನಾದವನು ಏನೆಂದುಕೊಳ್ಳಬೇಕು? ಪಾಪ, ಮಗುವಿಗೆ ಪುರುಸೊತ್ತಾಗಿಲ್ಲ ಎಂದುಕೊಂಡೆ.

ಮಾರನೆಯ ದಿನ ಅವಳು ಒಬ್ಬ ಹೋಟೆಲ್ ಮಾಲೀಕರಿಗೆ ಆ ಚಿತ್ರಗಳನ್ನು ತೋರಿಸಬೇಕಿತ್ತು. ಅವರ ಹೊಸ ಹೋಟೆಲ್ಲಿನ ಕೋಣೆಕೋಣೆಗೂ ಚಿತ್ರ ಬೇಕಿತ್ತು. ಅವಳು ಫೈಲಿಗೆ ಹೊದಿಕೆ ತರಲು ಹೊರಗೆ ಹೋಗಿದ್ದಳು. ನಾನು ಕನ್ನಡಕ ಏರಿಸಿದೆ, ಎಲ್ಲಕ್ಕಿಂತ ಸಣ್ಣ ಬ್ರಷ್ಷು ತೆಗೆದೆ, ಎಲ್ಲ ಬೋರ್ಡುಗಳನ್ನೂ ತುಂಬಿಸಿದೆ. ಔಷಧಿ ಅಂಗಡಿಗೆ ಹಸಿರು, ಕ್ಷೌರದಂಗಡಿಗೆ ನೆರಳು ಕೊಟ್ಟ ಕೆಂಪು. ಸಾಸಿವೆ ಕಾಳಿನಷ್ಟು ಅಕ್ಷರ, ಒಂದಾದರೂ ಸೊಟ್ಟಗಾಗಬೇಕಲ್ಲ! ಯಾರು ಏನೇ ಅನ್ನಲಿ, ಆ ಅಕ್ಷರಗಳ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆಯಿದೆ.

ಮಗಳು ಬಂದು ನೋಡಿದಳು. ಕಿರುಚಲಿಲ್ಲ. "ಅಪ್ಪಾ, ಏನ್ ಮಾಡಿಬಿಟ್ರಿ" ಅಂದು ಗೋಡೆಗೊರಗಿ ಕೂತುಬಿಟ್ಟಳು.

"ಪೂರ್ತಿ ಮಾಡಿದೆ ಕಣಮ್ಮಾ" ಅಂದೆ.

ನನ್ನ ಹೆಂಡತಿ ಸೌಟು ಹಿಡಿದುಕೊಂಡೇ ಬಂದಳು. "ಕೈ ಸುಮ್ನಿರಲ್ವಲ್ಲ ನಿಮ್ದು! ಯಾರು ಕೇಳಿದ್ರು ನಿಮ್ಮನ್ನ?"

ಬೇರೆ ದಾರಿಯಿಲ್ಲದೆ ಅದೇ ಫೈಲು ಹಿಡಿದು ಹೋದೆವು. ಮಾಲೀಕರು ಹಾಳೆ ತಿರುಗಿಸುತ್ತಾ ಹೋದರು, ಒಂದು ಕಡೆ ನಿಂತರು, ಬಗ್ಗಿ ನೋಡಿದರು. ನನ್ನ ಎದೆ ಉಬ್ಬಿತು. "ಈ ಅಕ್ಷರ ಬರೆದೋರು ಯಾರು? ನಮ್ಮ ಹೋಟೆಲ್ಲಿಗೆ ಒಂದು ಬೋರ್ಡ್ ಬೇಕಿತ್ತು" ಅಂದರು. ಸಭಿಕರೇ, ಮಗಳ ಪೋರ್ಟ್‌ಫೋಲಿಯೊ ತೋರಿಸಿ ಆರ್ಡರು ಹಿಡಿದ ಅಪ್ಪ ಈ ಲೋಕದಲ್ಲಿ ನಾನೊಬ್ಬನೇ ಇರಬೇಕು. ನಗಬೇಡಿ. ನಗಿ, ಪರವಾಗಿಲ್ಲ. ಅವಳು ನಗಲಿಲ್ಲ.

"ಬೋರ್ಡು ಬರೀತೀನಿ ಸ್ವಾಮಿ, ಆದ್ರೆ ನನ್ನ ಮಗಳ ಚಿತ್ರಾನೂ ತಗೋಬೇಕು" ಎಂದು ಪಟ್ಟು ಹಿಡಿದೆ. ಅವರು ಹೂಂ ಅನ್ನುವುದರಲ್ಲಿದ್ದರು. ಇವಳು ಫೈಲು ಮುಚ್ಚಿದಳು. "ಬೇಡಪ್ಪಾ. ಚಿತ್ರ ನೋಡಿ ತಗೊಂಡ್ರೆ ತಗೊಳ್ಳಲಿ" ಅಂದು ಎದ್ದು ಬಂದಳು. ನಾನು ಆ ಬೋರ್ಡು ಬರೆದೆನೇ? ಬರೆದೆ. ಮನೆ ನಡೆಯಬೇಕಲ್ಲ.

ಅಂದಿನಿಂದ ಅವಳು ಚಿತ್ರ ಬರೆಯುವ ಕೋಣೆಗೆ ಬೀಗ. ಬಡಿಸುತ್ತಾಳೆ, ಬಿಪಿ ಮಾತ್ರೆ ನುಂಗಲಿಲ್ಲವೆಂದು ರೇಗುತ್ತಾಳೆ, ಎಲ್ಲ ಮಾತೂ ಉಂಟು. ಚಿತ್ರ ಮಾತ್ರ ತೋರಿಸುವುದಿಲ್ಲ. ಬ್ರಷ್ಷು ಹಿಡಿಯಲು ಕಲಿಸಿದವನೇ ನಾನು! ಆ ಬೀಗ ನೋಡಿದಾಗಲೆಲ್ಲ ನನಗೆ ಅಳು ಬರುತ್ತಿತ್ತು. ಹೇಳಬಾರದಿತ್ತೇನೋ, ಬಾಯಿಗೆ ಬಂತು.

ವಿಷಯಕ್ಕೆ ಬರುತ್ತೇನೆ, ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಕಲಿಯಲು ಬರುವವರಿಗೆ ಅವಳು ಹೇಳುವುದೆಲ್ಲ ಬಾಗಿಲಾಚೆಗೆ ಕೇಳಿಸುತ್ತದೆ. ಬರೆದದ್ದನ್ನೆಲ್ಲ ತುರುಕಬೇಡಿ. ಕುದುರೆ, ಹೂವು, ಮುದುಕನ ಗಡ್ಡ ಎಲ್ಲ ಸೇರಿಸಿದರೆ ಕೊಳ್ಳುವವರಿಗೆ ನೀವು ಯಾರೆಂದೇ ತಿಳಿಯುವುದಿಲ್ಲ. ಫೋಟೊ ಹಗಲು ಬೆಳಕಿನಲ್ಲಿ ತೆಗೆಯಿರಿ. ಅಳತೆ ಬರೆಯಿರಿ, ಅವರು ಗೋಡೆ ಅಳೆದುಕೊಂಡೇ ಬಂದಿರುತ್ತಾರೆ. ನಿಮಗೇ ಅನುಮಾನವಿರುವ ಚಿತ್ರವನ್ನು ತೆಗೆದುಹಾಕಿ. ಅಪ್ಪಂದಿರ ಕೈಗೆ ಸಿಗದಂತೆ ಇಡಿ ಎನ್ನುವುದನ್ನು ನಾನು ಸೇರಿಸುತ್ತಿದ್ದೇನೆ.

ಈ ವರ್ಷ ಹೊಸ ಆಸ್ಪತ್ರೆಯೊಂದರ ಗೋಡೆಗಳಿಗೆ ಚಿತ್ರ ಆರಿಸುವ ಸಮಿತಿಯವರು ಹೆಸರಿಲ್ಲದ ಫೈಲುಗಳನ್ನು ತರಿಸಿಕೊಂಡರು. ಬರೆದವರು ಯಾರು, ಯಾರ ಮಗಳು, ಒಂದೂ ಗೊತ್ತಿಲ್ಲ. ಅಷ್ಟೂ ಫೈಲುಗಳಲ್ಲಿ ಇವಳದನ್ನೇ ಆರಿಸಿದರು. ಈ ಸನ್ಮಾನ ಅದಕ್ಕೇ.

ಆ ಫೈಲು ಇವತ್ತು ಹೊರಗಿನ ಮೇಜಿನ ಮೇಲಿದೆ. "ನೋಡಿ ಅಪ್ಪಾ" ಅಂದಳು. ಎಲ್ಲರ ಹಾಗೆ ನಾನೂ ಸಾಲಿನಲ್ಲಿ ನಿಂತೆ. ನನ್ನ ಹಿಂದಿದ್ದವರೊಬ್ಬರು, "ಸ್ವಲ್ಪ ಬೇಗ ತಿರುಗ್ಸಿ ಯಜಮಾನ್ರೇ" ಎಂದು ಗದರಿದರು. ತಿರುಗಿಸುವುದು ಹೇಗೆ? ಆ ಹಾಳೆಯಲ್ಲೊಂದು ಅಂಗಡಿ, ಬೋರ್ಡು ಈಗಲೂ ಖಾಲಿ. ಕೆಳಗೆ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಚೀಟಿ ಹಿಡಿದು ನಿಂತಿದ್ದಾಳೆ. ಅವಳ ಮುಖ ನೋಡಿದರೆ ಸಾಕು, ಅದು ಔಷಧಿ ಅಂಗಡಿ ಎಂದು ತಿಳಿಯುತ್ತದೆ, ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದೂ ತಿಳಿಯುತ್ತದೆ. ಅಕ್ಷರ ಇದ್ದಿದ್ದರೆ ನಾನು ಅದನ್ನೇ ಓದಿ ಮುಂದೆ ಹೋಗುತ್ತಿದ್ದೆ. ಆ ಮುಖ ಕಾಣುತ್ತಲೇ ಇರಲಿಲ್ಲ.

"ಇದನ್ನ ನಾನು ತಗೋತೀನಿ" ಅಂದೆ.

"ಅದು ಮಾರಾಟ ಆಗಿದೆ ಅಪ್ಪಾ."

"ಯಾರಿಗೆ?"

"ಯಾರೋ. ನಂಗೂ ಪರಿಚಯ ಇಲ್ಲ."

ಪರಿಚಯವಿಲ್ಲದವರು, ಸಭಿಕರೇ! ಆ ಪುಣ್ಯಾತ್ಮರು ಈ ಸಭೆಯಲ್ಲಿದ್ದರೆ ಒಂದು ಮಾತು: ನಾನು ಬಂದು ಅಂಗಲಾಚಿದರೂ ಅದನ್ನು ನನಗೆ ಕೊಡಬೇಡಿ. ನಿಮ್ಮ ಗೋಡೆಯ ಮೇಲೇ ಇರಲಿ.

ಆಮೇಲೆ ಅವಳು ಇನ್ನೊಂದು ಮಾತು ಹೇಳಿದಳು. "ಮನೇಲಿ ಹೊಸದೊಂದಿದೆ, ಇನ್ನೂ ಒಣಗಿಲ್ಲ. ಸಭೆ ಮುಗಿದ ತಕ್ಷಣ ಬಂದು ನೋಡಿ. ಕೈ ಹಿಂದಕ್ಕೆ ಕಟ್ಕೊಂಡು ನೋಡ್ಬೇಕು, ಅಷ್ಟೇ."

ಆದ್ದರಿಂದ, ಅಧ್ಯಕ್ಷರು ಕ್ಷಮಿಸಬೇಕು, ಊಟಕ್ಕೆ ನಾನು ನಿಲ್ಲುವುದಿಲ್ಲ. ಕರೆದ ಸಂಘಕ್ಕೂ ಕೇಳಿದ ನಿಮಗೂ ನನ್ನ ಕೃತಜ್ಞತೆಗಳು. ಹಿಂದಕ್ಕೆ ಕಟ್ಟುವ ಮೊದಲು ಈ ಕೈಗಳನ್ನು ನಿಮ್ಮ ಮುಂದೆ ಜೋಡಿಸುತ್ತೇನೆ. ನಮಸ್ಕಾರ.