ಆಮೆಗುಡ್ಡದಲ್ಲಿ ಕೇಳಿದ ದನಿ

ಆ ಬಾಗಿಲು ಹಾಕ್ರೇ ಮೊದಲು, ಚಳಿ ನುಗ್ತಾ ಇದೆ... ಹ್ಞಾ. ಚಳಿಗಾಲದ ಉಪ್ಪಿನಕಾಯಿಗೆ ಹೆಚ್ಚಿಟ್ಟ ಕೋಸು ಉಪ್ಪು ಹೀರೋಕೆ ಇನ್ನೂ ಹೊತ್ತು ಬೇಕು. ನಡುರಾತ್ರಿ ಒಂದು ಸಲ ಮಗುಚಿ ಹಾಕ್ಬೇಕು, ಅಲ್ಲಿವರೆಗೆ ಯಾರೂ ಮಲಗೋ ಹಾಗಿಲ್ಲ. ಬೆಳ್ಳುಳ್ಳಿ ಸುಲೀತಾ ಇರಿ, ನಾನು ಹೇಳ್ತೀನಿ. ಮಧ್ಯ ಬಾಯಿ ಹಾಕಿದ್ರೆ ನಿಲ್ಲಿಸ್ಬಿಡ್ತೀನಿ. ನನ್ನ ಬುದ್ಧಿ ನಿಮಗೆ ಗೊತ್ತಲ್ಲ.

ಇದು ಎಲ್ಲೋ ಕೇಳಿದ್ದಲ್ಲ. ನನ್ನ ಸ್ವಂತ ದೊಡ್ಡಪ್ಪನ ಮಗಳು, ಪಿಲ್ನಾಮ್ ಅಕ್ಕನಿಗೆ ಆಗಿದ್ದು.

ಭತ್ತದ ಕೊಯ್ಲು ಮುಗಿದ ಕಾಲ. ರಾತ್ರಿ ಬಹಳ ಆಗಿತ್ತು. ಪಿಲ್ನಾಮ್ ಅಕ್ಕ ಊರ ಬಾವಿ ಪಕ್ಕದಲ್ಲಿ ನಡೀತಾ ಇದ್ಲು. ಗಾಳಿಗೆ ಬಾವಿಯೊಳಗೆ ತಗಡಿನ ಬಕೆಟ್ಟು ಕಲ್ಲಿಗೆ ತಾಗ್ತಾ ಇತ್ತಂತೆ... ಟಣ್... ಟಣ್... ಜೊತೆಗೆ ಅವಳು ಮೆಚ್ಚಿದ ಹುಡುಗ ಚಾಂಗ್‌ದೊಲ್ ಇದ್ದ. ಇಬ್ಬರೂ ಮನೆಗೆ ಬರ್ತಾ ಇರ್ಲಿಲ್ಲ. ಮನೆ ಬಿಟ್ಟು ಹೋಗ್ತಾ ಇದ್ರು.

ಯಾಕೆ ಅಂತೀರಾ? ಪ್ರಪಂಚದಲ್ಲಿ ಗಂಡಸರಿಗೇನು ಬರವಾ? ನಮ್ಮಕ್ಕ ಹೋಗಿ ಹೋಗಿ ಮನಸ್ಸು ಕೊಟ್ಟಿದ್ದು ನಮ್ಮ ಗಿಮ್ಹೆ ಊರಿನ ಕಿಮ್ ಮನೆತನದವನಿಗೆ. ನಾವೋ, ಗಿಮ್ಹೆಯ ಹೊ ಮನೆತನದವರು. ಏ ಚಿಕ್ಕವಳೇ, ಏನು ನಗು? ನೀನು ಸಿಯೋಲ್ ಪೇಟೆಯವಳು, ನಿಮಗೆಲ್ಲ ಇದು ತಮಾಷೆ. ಕೇಳು ಇಲ್ಲಿ. ನಮ್ಮ ಸುರೊ ದೊರೆ ಆಕಾಶದಿಂದ ಇಳಿದ, ಮೊಟ್ಟೆಯಿಂದ ಬಂದ. ರಾಣಿ ಸಮುದ್ರ ದಾಟಿ ಅಯುತ ದೇಶದಿಂದ ಬಂದ್ಲು, ಕೆಂಪು ಹಾಯಿ ಕಟ್ಟಿದ ಹಡಗಲ್ಲಿ. ಮಕ್ಕಳಾದ್ರು. ಎಲ್ಲರಿಗೂ ಅಪ್ಪನ ಮನೆತನದ ಹೆಸರೇ, ಕಿಮ್. ರಾಣಿ ಅತ್ಲಂತೆ, ಇಷ್ಟು ದೂರ ಬಂದು ನನ್ನ ಹೆಸರು ಇಲ್ಲಿಗೆ ಮುಗೀತಾ ಅಂತ. ಆಗ ದೊರೆ ಇಬ್ಬರು ಗಂಡುಮಕ್ಕಳಿಗೆ ಅವಳ ಹೆಸರು ಕೊಟ್ಟ, ಹೊ ಅಂತ. ಅವರ ಸಂತಾನ ನಾವು. ಅಂದ್ಮೇಲೆ ಕಿಮ್ ಮತ್ತೆ ಹೊ ಒಂದೇ ಹೊಟ್ಟೆಯವರು. ಎರಡು ಸಾವಿರ ವರ್ಷ ಆಗಿರ್ಲಿ, ಅಣ್ಣ-ತಂಗಿ ಅಣ್ಣ-ತಂಗೀನೇ. ಮದುವೆ ಮಾತೆತ್ತಿದ್ರೆ ಹಿರಿಯರು ಕಿವಿ ಮುಚ್ಚಿಕೊಳ್ಳೋರು.

ಅಕ್ಕ ಬಸುರಿ. ಎದೆ ಮೇಲಿಂದ ಕಟ್ಟೋ ಅಗಲದ ಲಂಗ ಅಲ್ವಾ ನಮ್ಮದು, ಏಳು ತಿಂಗಳು ತುಂಬೋವರೆಗೂ ಯಾರಿಗೂ ಗೊತ್ತಾಗ್ಲಿಲ್ಲ. ಗೊತ್ತಾದ ದಿನ ದೊಡ್ಡಪ್ಪ ಕೂಗಾಡ್ಲಿಲ್ಲ. ಅದೇ ಭಯ. ಹೊಗೆ ಕೊಳವೆ ಕೊಡವಿ ಇಟ್ಟು ಹೇಳಿದ್ರು. "ನಾಳೆ ಬೆಳಿಗ್ಗೆ ದ್ವೀಪದಲ್ಲಿರೋ ಅತ್ತೆ ಮನೆಗೆ ಹೋಗು. ಹುಟ್ಟಿದ್ದನ್ನ ಅಲ್ಲೇ ಯಾರ ಕೈಗಾದ್ರೂ ಕೊಟ್ಟು ಬಾ. ಕೇಳಿದೋರಿಗೆ ಕಾಯಿಲೆ ಇತ್ತು ಅನ್ನೋಣ."

ಅವತ್ತು ರಾತ್ರಿ ಅಕ್ಕ ನನ್ನ ಹಾಸಿಗೆ ಹತ್ರ ಬಂದು ಕೂತ್ಲು.

"ಹೋಗ್ತಾ ಇದೀನಿ ಕಣೇ."

"ಎಲ್ಲಿಗೆ?"

"ಬುಸಾನ್‌ಗೆ. ಚಾಂಗ್‌ದೊಲ್ ಬಾವಿ ಹತ್ರ ಕಾಯ್ತಾ ಇದಾನೆ. ಇದನ್ನ ಕೊಡಲ್ಲ ಕಣೇ ನಾನು... ಸತ್ರೂ ಕೊಡಲ್ಲ."

ಬೇಯಿಸಿದ ಗೆಣಸಿತ್ತು, ಬಟ್ಟೇಲಿ ಕಟ್ಟಿ ಕೊಟ್ಟೆ. ಇನ್ನೇನು ಕೊಡ್ಲಿ?

ಆಗ ಸರ್ಕಾರದ ಕರ್ಫ್ಯೂ, ನಡುರಾತ್ರಿ ಆದ್ಮೇಲೆ ಹೊರಗೆ ಓಡಾಡೋ ಹಾಗಿರ್ಲಿಲ್ಲ. ಹೆದ್ದಾರಿ ಮೇಲೆ ಪೊಲೀಸರು. ಅದಕ್ಕೇ ಅವರು ಗುಡ್ಡದ ದಾರಿ ಹಿಡಿದ್ರು. ರಾಣಿ ಸಮಾಧಿ ಹಿಂದೆ ಹೋಗುತ್ತಲ್ಲ, ಆಮೆಗುಡ್ಡಕ್ಕೆ, ಆ ಕಾಲುದಾರಿ. ದಾರಿಯುದ್ದಕ್ಕೂ ಚಾಂಗ್‌ದೊಲ್ ಒಂದೇ ಮಾತು ಉರು ಹೊಡೀತಾ ಇದ್ದನಂತೆ. ಯಾರಾದ್ರೂ ತಡೆದು ಯಾವ ಮನೆತನ ಅಂತ ಕೇಳಿದ್ರೆ, "ನಾನು ಮಿರ್ಯಾಂಗ್ ಊರಿನ ಬಾಕ್." ಬಾಕ್ ಬೇರೆ ಮನೆತನ, ಯಾರ ತಕರಾರೂ ಇಲ್ಲ, ಗಂಡ-ಹೆಂಡತಿ ಅಂತ ಸುಮ್ನೆ ಬಿಡ್ತಾರೆ.

"ಮಿರ್ಯಾಂಗ್ ಬಾಕ್... ಮಿರ್ಯಾಂಗ್ ಬಾಕ್..."

"ಸಾಕು ಮಾರಾಯ, ನನಗೂ ಬಾಯಿಪಾಠ ಆಯ್ತು," ಅಂದ್ಲಂತೆ ಅಕ್ಕ. ಆ ರಾತ್ರಿ ಅವಳು ನಕ್ಕಿದ್ದು ಅದೇ ಕೊನೆ.

ಗುಡ್ಡದ ನೆತ್ತಿ ಹತ್ರ ಬರ್ತಿದ್ದ ಹಾಗೆ ಸೊಂಟ ಹಿಡ್ಕೊಂಡು ಕೂತುಬಿಟ್ಲು. ಇನ್ನೂ ಎರಡು ತಿಂಗಳಿತ್ತು ನೋಡಿ... ಆದ್ರೆ ಕಾಲೆಲ್ಲ ಒದ್ದೆ. ನೀರು ಹೋಗಿತ್ತು.

ಆಗ ಕೇಳಿಸ್ತು. ಮೊದಲು ಮಣ್ಣು ಕೆರೆಯೋ ಸದ್ದು. ಕರ್ರ್... ಕರ್ರ್... ಉಗುರಲ್ಲಿ ಕೆರೆದ ಹಾಗೆ. ನಿಂತಿತು. ಆಮೇಲೆ, ತಲೆ ಮೇಲಿಂದ...

"ಇಲ್ಲಿ ಯಾರಾದ್ರೂ ಇದೀರಾ?"

ಗಂಡಸಿನ ದನೀನೂ ಅಲ್ಲ, ಹೆಂಗಸಿನ ದನೀನೂ ಅಲ್ಲವಂತೆ. ಮಾತು ನಮ್ಮದೇ, ಆದ್ರೆ ಪರದೇಶದವರು ಕಲಿತು ಆಡಿದ ಹಾಗೆ. ಮೇಲೆ ನೋಡಿದ್ರೆ ಆಕಾಶ ಬಿಟ್ರೆ ಏನೂ ಇಲ್ಲ. ಅಲ್ಲಿ ಒಂದು ಮರಾನೂ ಇಲ್ಲ ಕಣ್ರೇ.

ನಮ್ಮೂರಲ್ಲಿ ಹಾಲು ಕುಡಿಯೋ ಮಗೂಗೂ ಇದು ಗೊತ್ತು. ಆದಿಯಲ್ಲಿ ಆ ಗುಡ್ಡದ ಮೇಲೆ ಇದೇ ಪ್ರಶ್ನೆ ಕೇಳಿಸಿದ್ದು. ಊರಿನ ಮುಖ್ಯಸ್ಥರು "ಇದೀವಿ" ಅಂದ್ರು. ಆಕಾಶದಿಂದ ಹಗ್ಗ ಇಳೀತು, ಹಗ್ಗದ ತುದೀಲಿ ಕೆಂಪು ಬಟ್ಟೆ ಸುತ್ತಿದ ಪೆಟ್ಟಿಗೆ, ಪೆಟ್ಟಿಗೇಲಿ ಮೊಟ್ಟೆ, ಮೊಟ್ಟೇಲಿ ದೊರೆ. ಅದು ಮುಗಿದ ಕೆಲಸ. ದೊರೆ ಬಂದಾಯ್ತು. ಅದಕ್ಕೇ ನಮ್ಮಜ್ಜಿ ಹೇಳೋಳು, ಆ ಗುಡ್ಡದಲ್ಲಿ ಮತ್ತೆ ಯಾರಾದ್ರೂ ಹಾಗೆ ಕೇಳಿದ್ರೆ ಉಸಿರೆತ್ತಬೇಡಿ, ಈಗ ಇಳಿಯೋದು ಏನು ಅಂತ ಯಾರಿಗೆ ಗೊತ್ತು ಅಂತ.

ಚಾಂಗ್‌ದೊಲ್ ಬಾಯಿ ಬಿಗಿ ಹಿಡಿದು ಕೂತ. ಅಕ್ಕ ತೋಳಿನ ಬಟ್ಟೆ ಕಚ್ಚಿಕೊಂಡ್ಲು.

"ಯಾರಾದ್ರೂ... ಇದೀರಾ?"

"ಮಾತಾಡ್ಬೇಡ," ಅಂತ ಇವನು ಪಿಸುಗುಟ್ಟಿದ.

"ಮಗು ಹೋಗುತ್ತೆ ಕಣೋ..."

"ಊರಿಗೆ ಓಡಿ ಸೂಲಗಿತ್ತೀನ ಕರೀತೀನಿ."

"ಅವಳ ಹಿಂದೆ ನಮ್ಮಪ್ಪ ಬರ್ತಾನೆ. ಕಸ್ಕೊಂಡು ಹೋಗ್ತಾನೆ." ನೋವು ಇನ್ನೊಂದು ಸಲ ಬಂತು. ಅಕ್ಕ ಬಾಯಲ್ಲಿದ್ದ ಬಟ್ಟೆ ಉಗಿದು, ಆಕಾಶ ನೋಡಿ ಕಿರುಚಿದ್ಲು. "ಇದೀವಿ! ಇಲ್ಲೇ ಇದೀವಿ! ಯಾರಾದ್ರೂ ಆಗ್ಲಿ, ಬನ್ನಿ!"

ಜೀರುಂಡೆ ಸದ್ದು ನಿಂತುಹೋಯ್ತು. ಮೇಲಿಂದ ಹಗ್ಗಕ್ಕೆ ಭಾರ ಬಿದ್ದ ಸದ್ದು. ಕಿರ್... ಕಿರ್ರ್... ನಿಧಾನಕ್ಕೆ ಹತ್ರ ಬಂತು. ಆಮೇಲೆ ಒಣಹುಲ್ಲಿನ ಮೇಲೆ ರೇಷ್ಮೆ ಎಳೆದ ಹಾಗೆ, ಸರ್... ಸರ್... ಮೈ ಕಾಣ್ಲಿಲ್ಲ. ಮುಖ ಕಾಣ್ಲಿಲ್ಲ. ಅಕ್ಕನ ಹೊಟ್ಟೆ ಮೇಲೆ ಎರಡು ಕೈ ಬಂದು ಕೂತವು. ಬೆಚ್ಚಗಿದ್ವು ಅಂದ್ಲು. ಮುದುಕಿ ಕೈ.

"ನೀನು ಯಾವ ಊರಿನ ಯಾವ ಮನೆತನ?" ಅಂತ ಕೇಳ್ತು ದನಿ.

ಈಗ ಹೇಳ್ಬೇಕಿತ್ತಪ್ಪಾ ಅವನು! ಮಿರ್ಯಾಂಗ್ ಬಾಕ್! ದಾರಿಯುದ್ದಕ್ಕೂ ಬಡ್ಕೊಂಡಿದ್ದೇನಕ್ಕೆ? ಆದ್ರೆ ನಮ್ಮವರ ಕತೆ ಗೊತ್ತಲ್ಲ. ಹಿರಿಯರು ಮನೆತನ ಕೇಳಿದ್ರೆ ಬೆನ್ನು ತಾನಾಗೇ ಬಗ್ಗುತ್ತೆ, ನಿಜ ತಾನಾಗೇ ಬಾಯಿಗೆ ಬರುತ್ತೆ. ಪೊಲೀಸರ ಮುಂದೆ ಸುಳ್ಳು ಹೇಳ್ತೀವಿ, ಕಟ್ಕೊಂಡವರ ಮುಂದೆ ಹೇಳ್ತೀವಿ. ಹುಟ್ಟಿದ ಮನೆತನದ ವಿಷಯದಲ್ಲಿ ಮಾತ್ರ ನಾಲಿಗೆ ಹೊರಳಲ್ಲ. ಆ ಪುಣ್ಯಾತ್ಮ ನೆಲಕ್ಕೆ ಹಣೆ ಹಚ್ಚಿ, "ಗಿಮ್ಹೆಯ ಕಿಮ್," ಅಂದ.

"ಅವಳು?"

"ಗಿಮ್ಹೆಯ... ಹೊ."



"ಇಬ್ಬರೂ ನನ್ನವರೇ," ಅಂತು ದನಿ. ಅದರಲ್ಲಿ ಕೋಪ ಇರ್ಲಿಲ್ಲವಂತೆ. ಮೈ ಜುಂ ಅಂದಿದ್ದು ಅದಕ್ಕೇ.

ಮಗು ಹೊರಗೆ ಬಂತು. ಅಳ್ಲಿಲ್ಲ. ಆ ಕೈಗಳು ಅದನ್ನ ಎತ್ತಿ ಹಿಡಿದವು. ಬೆಳದಿಂಗಳಲ್ಲಿ ಮಗು ಕಾಣ್ತಾ ಇತ್ತು, ಹಿಡಿದವರು ಕಾಣ್ತಾ ಇರ್ಲಿಲ್ಲ.

"ಇದು ಯಾರ ಹೆಸರಿಗೆ?"

 ಚಾಂಗ್‌ದೊಲ್ ಅವನ ಅಪ್ಪನಿಗೆ ಒಬ್ಬನೇ ಮಗ. ಅವನ ಅಜ್ಜನೂ ಒಬ್ಬನೇ. ಆ ಮನೇಲಿ ಪಿತೃಗಳಿಗೆ ಎಡೆ ಇಡೋಕೆ ಪ್ರತಿ ಸಲ ಒಂದೇ ಒಂದು ಗಂಡು ಹುಟ್ಟೋದು. "ಕಿಮ್," ಅಂದ.

ಮಗು ಅಲ್ಲಾಡ್ಲಿಲ್ಲ.

"ಯಾರ ಹೆಸರಿಗೆ?"

"ನಾನೊಬ್ಬನೇ ಮಗ, ರಾಣಿ ತಾಯಿ... ನಮ್ಮ ಮನೆ ದೀಪ ಆರಿಹೋಗುತ್ತೆ. ಅಪ್ಪ ಸತ್ತ ಮೇಲೆ, ನಾನು ಸತ್ತ ಮೇಲೆ, ಎಡೆ ಇಡೋಕೆ ಒಂದು ಕಿಮ್ ಬೇಡ್ವಾ? ಬೇರೆ ಏನಾದ್ರೂ ಕೇಳಿ. ನನ್ನ ಕಣ್ಣು ತಗೊಳ್ಳಿ."

ಅಕ್ಕ ನೆತ್ತರಲ್ಲಿ ಮಲಗಿದ್ದೋಳು ಎದ್ದು ಕೂತ್ಲು. "ಲೋ ಪಾಪಿ! ಸತ್ತೋರಿಗೆ ಅನ್ನ ಇಡೋಕೆ ಹುಟ್ಟಿದ ಮಗೂನ ಕೊಲ್ತೀಯಾ? ನಮ್ಮಪ್ಪಂಗೂ ನಿನಗೂ ಏನೋ ವ್ಯತ್ಯಾಸ?"

ಮಗುವಿನ ಕಾಲು ಕಪ್ಪಗಾಗ್ತಾ ಇತ್ತು. ಚಾಂಗ್‌ದೊಲ್ ನೆಲಕ್ಕೆ ತಲೆ ಚಚ್ಚಿಕೊಂಡ. ದಪ್... ದಪ್... ಆಮೇಲೆ ಅಳುತ್ತಾ ಅಂದ. "ನಿಮಗೇ ತಾಯಿ. ನಿಮ್ಮ ಹೆಸರಿಗೇ. ಇವನು ಹೊ. ನನ್ನವನಲ್ಲ."

ಕ್ವೇ... ಅಂತ ಮಗು ಅತ್ತಿತು.

ಬೆಳಕು ಹರಿಯೋ ಹೊತ್ತಿಗೆ ಮೇಲಿಂದ ಮಗು ಅಳೋದು ಕೇಳಿಸಿ ನಾವೆಲ್ಲ ಹುಡುಕ್ಕೊಂಡು ಗುಡ್ಡ ಹತ್ತಿದ್ವಿ. ದೊಡ್ಡಪ್ಪ, ಚಾಂಗ್‌ದೊಲ್‌ನ ಅಪ್ಪ, ಎರಡೂ ಕಡೆ ಚಿಕ್ಕಪ್ಪಂದಿರು. ನಾನು ಬಿಸಿನೀರಿನ ತಪ್ಪಲೆ ಹೊತ್ಕೊಂಡು ಹಿಂದೆ. ಅಕ್ಕ ಕಲ್ಲಿಗೆ ಒರಗಿ ಕೂತಿದ್ಲು, ಮೈಯಲ್ಲಿ ರಕ್ತ ಇರ್ಲಿಲ್ಲ. ಮಗು ಅವಳ ಎದೆ ಮೇಲೆ ಅಳ್ತಾ ಇತ್ತು.

ಚಾಂಗ್‌ದೊಲ್‌ನ ಅಪ್ಪ ಹಿಂದಿನ ದಿನ ನಮ್ಮ ಮನೆ ಕಡೆ ಉಗಿದು ಹೋಗಿದ್ದ ಮನುಷ್ಯ. ಬಂದವನು ಮಗುವಿನ ಕಾಲು ಎತ್ತಿ ನೋಡಿದ. ಗಂಡು. ಮುಖವೇ ಬದಲಾಯ್ತು ನೋಡಿ ಆ ಮುದುಕನದು! ಎರಡೂ ಕೈಯಲ್ಲಿ ಎತ್ಕೊಂಡ.

"ನನ್ನ ಮೊಮ್ಮಗ. ಇದು ಕಿಮ್ ಮನೆ ಕುಡಿ. ಆ ಹುಡುಗಿ ಎಲ್ಲಾದ್ರೂ ಹೋಗ್ಲಿ, ನಮ್ಮದನ್ನ ನಾವು ತಗೊಂಡು ಹೋಗ್ತೀವಿ."

ಅಂದ ತಕ್ಷಣ ಮಗು ಅಳು ನಿಲ್ಲಿಸ್ತು. ಮಲಗ್ತು ಅಂತ ನಾನಂದ್ಕೊಂಡೆ. ಇಲ್ಲ... ತುಟಿ ನೀಲಿ. ಉಸಿರೇ ಇಲ್ಲ. ಈ ಕಣ್ಣಲ್ಲಿ ನೋಡಿದೀನಿ. ಅಕ್ಕನ ಕೂಗು ಈಗಲೂ ಕಿವೀಲಿದೆ.

ಚಾಂಗ್‌ದೊಲ್ ಅಪ್ಪನ ಕೈಯಿಂದ ಮಗೂನ ಕಿತ್ಕೊಂಡ. "ಅಲ್ಲ ಅಪ್ಪ! ಇವನು ಹೊ. ಪಿಲ್ನಾಮ್ ಮಗ. ನಾನು ಇವನಿಗೆ ಮಾವ, ಅವಳಿಗೆ ಅಣ್ಣ. ನೀವೇ ಹೇಳಿದ್ರಲ್ಲ ಅಣ್ಣ-ತಂಗಿ ಅಂತ. ಹಾಗೇ ಆಗ್ಲಿ!"

ಅಪ್ಪ ಕಪಾಳಕ್ಕೆ ಬಿಟ್ಟ. ಮಗು ಉಸಿರೆಳೀತು, ಅತ್ತಿತು.

"ನನ್ನ ಎಡೆಗೆ ಮಣ್ಣು ಹಾಕಿದೆಯಲ್ಲೋ," ಅಂದ ಆ ಮುದುಕ. ತಿರುಗಿ ನೋಡ್ದೆ ಇಳಿದು ಹೋದ. ಸಾಯೋವರೆಗೂ ಮಗನ ಜೊತೆ ಒಂದು ಮಾತೂ ಆಡ್ಲಿಲ್ಲ. ದೊಡ್ಡಪ್ಪ ಕೂಡ್ಲೇ ಹೋಗ್ಲಿಲ್ಲ. ಮಗು ಅಳೋದನ್ನೇ ನೋಡ್ತಾ ನಿಂತಿದ್ದು, ತನ್ನ ಮೇಲಂಗಿ ಬಿಚ್ಚಿ ಅಕ್ಕನ ಹೆಗಲ ಮೇಲೆ ಹಾಕಿ ಹೋದ್ರು.

ಆಮೇಲೆ ಬುಸಾನ್. ಬೆಟ್ಟದ ಮೇಲೆ ತಗಡಿನ ಮನೆ. ಮನೆ ಕೊಟ್ಟವಳ ಹತ್ರ ಅಣ್ಣ, ತಂಗಿ, ತಂಗಿ ಮಗ ಅಂತಾನೇ ಹೇಳಿದ್ರು. ಹುಡುಗ, ಅವನೇ ನಮ್ಮ ತೇಸಿಕ್, ಹುಟ್ಟಿದಾಗಿಂದ ಹೆತ್ತ ಅಪ್ಪನನ್ನ "ಮಾವ" ಅಂತಾನೇ ಕರೆದ. ಮೀನು ಮಾರ್ಕೆಟ್ಟಲ್ಲಿ ಮಂಜುಗಡ್ಡೆ ಹೊತ್ತು ಸಾಕಿದ ಅಪ್ಪ. ಹೆಗಲ ಮೇಲೆ ಕೂರಿಸ್ಕೊಂಡು ಜಾರುಬೀದಿ ಹತ್ತಿದ ಅಪ್ಪ. ಮಾವ!

ಹೋದ ಚಳಿಗಾಲದಲ್ಲಿ ಚಾಂಗ್‌ದೊಲ್ ಹೋದ. ಕೊನೆ ದಿನ ನಾನಲ್ಲೇ ಇದ್ದೆ. ಮಾತು ನಿಂತಿತ್ತು, ಕಣ್ಣು ಮಾತ್ರ ತೇಸಿಕ್ ಮೇಲೆ. ಬಾಯಿ ತೆರೆದು ತೆರೆದು ಏನೋ ಕೇಳ್ತಾ ಇದ್ದ. ನನಗೇ ಗೊತ್ತಾಯ್ತು ಏನು ಅಂತ. ತೇಸಿಕ್‌ಗೂ ಗೊತ್ತಾಯ್ತು. ಅರವತ್ತು ಹತ್ರ ಬಂದ ಗಂಡಸು, ಅಳುತ್ತಾ ಬಗ್ಗಿ, "ಅ..." ಅಂದ.

ಪಿಲ್ನಾಮ್ ಅಕ್ಕ ಹಾರಿ ಬಂದು ಮಗನ ಬಾಯಿ ಮುಚ್ಚಿದ್ಲು. ಎರಡೂ ಕೈಯಲ್ಲಿ ಒತ್ತಿ ಹಿಡಿದ್ಲು. "ಬೇಡ ಮಗನೇ... ಅನ್ನಬೇಡ... ನನಗೆ ನೀನೊಬ್ಬನೇ..."

ಚಾಂಗ್‌ದೊಲ್ ಅದನ್ನ ನೋಡಿದ. ಸರಿ ಅನ್ನೋ ಹಾಗೆ ಕಣ್ಣು ಮುಚ್ಚಿ ತೆರೆದ. ಆಮೇಲೆ ತೆರೀಲಿಲ್ಲ.

ಏ, ಬೆಳ್ಳುಳ್ಳಿ ಸುಲಿ. ಕಣ್ಣೀರಾಕ್ಬೇಡ ಅದರ ಮೇಲೆ.

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಭಯಕ್ಕೆ ಏನೇನೋ ಕೇಳಿಸಿರುತ್ತೆ, ತಿಂಗಳು ತುಂಬದ ಮಗು ಉಸಿರು ಕಟ್ಟೋದು ಸಹಜ ಅಂತೀರಿ. ನಮ್ಮೂರ ಡಾಕ್ಟರೂ ಅದೇ ಅಂದ. ಆದ್ರೆ ಅವತ್ತು ಬೆಳಿಗ್ಗೆ ಆ ಗುಡ್ಡದ ಮೇಲೆ ಮಗೂಗೆ ಸ್ನಾನ ಮಾಡಿಸಿದ್ದು ನಾನು. ಹೊಕ್ಕುಳ ಬಳ್ಳಿ ಕಟ್ಟೋಕೆ ಅಂತ ದಾರ ತಂದಿದ್ದೆ. ಹುಡುಕಿದೆ... ಬಳ್ಳಿ ಇರ್ಲಿಲ್ಲ. ಕೊಯ್ದ ಗುರುತೂ ಇಲ್ಲ. ಹೊಟ್ಟೆ ಆ ಕಡೆಯಿಂದ ಈ ಕಡೆವರೆಗೂ ನುಣ್ಣಗಿತ್ತು. ತೇಸಿಕ್‌ಗೆ ಹೊಕ್ಕುಳೇ ಇಲ್ಲ ಕಣ್ರೇ, ಇವತ್ತಿಗೂ ಇಲ್ಲ. ನಾಳೆ ಬೆಳಿಗ್ಗೆ ಮೂಲಂಗಿ ಇಳಿಸೋಕೆ ಲಾರಿ ತಗೊಂಡು ಬರ್ತಾನೆ. ಅಂಗಿ ಎತ್ತಿ ತೋರಿಸು ಅನ್ನಿ, ತೋರಿಸ್ತಾನೆ.