ಕಚ್ಚಿ ಕುಡಿದ ನೀರು

ನಂಜನಗೂಡಿನಿಂದ ನರಸೀಪುರಕ್ಕೆ ಹೊರಟ ಬಸ್ಸಿನಲ್ಲಿ ಕೋಮಲಳ ಪಕ್ಕ ಕೂತ ಅಕ್ಕತಂಗಿಯರು, ಕ್ಯಾನ್ಸರಾದ ನಾದಿನಿಯನ್ನು ನೋಡಿಬಂದ ಕತೆ ಬಿಚ್ಚಿದ್ದರು.

“ಅವ್ಳು ಕೊಟ್ಟ ಕಾಪಿ ಕುಡುದ್ಯಾ?” ತಂಗಿ ಕೇಳಿದಳು.

“ಅಂಟ್ಕಂಡ್ರೇನ್ ಗತಿ? ತುಳಸಿ ಗಿಡಕ್ಕೆ ಉಯ್ದೆ. ನೀನು?”

“ಇವತ್ತು ಏಕಾದಸಿ ಅಂದೆ.”

“ಏಕಾದಸಿ ಮೊನ್ನೇನೇ ಆಯ್ತಲ್ಲ?”

“ಅವ್ಳಿಗೇನ್ ಗೊತ್ತಾದದು ಪಾಪ. ಕಾಯ್ಲೇನೇ ಗ್ಯಾಸ್ಟ್ರಿಕ್ಕು ಅಂತ ನಂಬವ್ಳೆ.”

ಗಾಳಿಗೆ ಕೋಮಲಳ ಸೆರಗು ಜಾರಿ ಬೋಳುತಲೆ ಕಂಡಿತು. ಅಕ್ಕ ಕೈಮುಗಿದಳು.

“ನಂಜುಂಡಪ್ಪಂಗೆ ಮುಡಿ ಕೊಟ್ಟು ಬಂದ್ಯಾ ಮಗಾ? ಪುಣ್ಯವಂತೆ. ವಸಿ ನೀರು ಕೊಡವ್ವ.”

ಕೋಮಲ ಬಾಟಲಿ ಕೊಟ್ಟಳು. ಇಬ್ಬರೂ ಕಚ್ಚಿಯೇ ಕುಡಿದು ಮುಗಿಸಿದರು.

“ಏನು ಅರಕೆ ಒತ್ತಿದ್ದೆ ಮಗಾ?”

“ಅರಕೆ ಅಲ್ಲಕ್ಕ, ಔಸ್ತಿಗೆ ಉದುರೋದ ಕೂದಲು. ನಂಗೂ ಗ್ಯಾಸ್ಟ್ರಿಕ್ಕೇ.”

ಖಾಲಿ ಬಾಟಲಿ ಸೀಟಿನ ಮೇಲಿಟ್ಟು, ಬಾಯಿ ಒರೆಸಿಕೊಳ್ಳುತ್ತ ಇಬ್ಬರೂ ಡ್ರೈವರ್ ಹಿಂದಿನ ಸೀಟಿಗೆ ಎದ್ದುಹೋದರು.