ಹಪ್ಪಳದ ಪಾಲು ಮತ್ತು ರಜೆಯ ಲೆಕ್ಕ

ನಿನ್ನೆ ಪ್ರವಚನ ಮುಗಿದ ಮೇಲೆ ಇಬ್ಬರು ತಾಯಂದಿರು ನಮಸ್ಕಾರಕ್ಕೆ ಬಂದಿದ್ದರು. ಒಬ್ಬಾಕೆ ಹೇಳಿದಳು, "ಪರೀಕ್ಷಾ ಮುಗಿದೂವ್ರಿ ಅಜ್ಜಾರ. ಇನ್ನ ಎರಡು ತಿಂಗಳ ಹುಡುಗನ ಮುಂದ ಲೆಕ್ಕ ಅನ್ನೂ ಹಂಗಿಲ್ಲ, ಆರಾಮ ಇರಲಿ." ಇನ್ನೊಬ್ಬಾಕೆ, "ನಾವ್ ಹಂಗ ಬಿಟ್ಟಿಲ್ರಿ. ಮುಂಜಾನಿಂದ ಮಧ್ಯಾಹ್ನದ ತನಕ ಟ್ಯೂಶನ್ ಹಚ್ಚೀವ್ರಿ" ಎಂದಳು. ಇಬ್ಬರೂ ನನ್ನ ಮುಖ ನೋಡಿದರು, ಯಾರದು ಸರಿ ಎಂದು. ನಾನು ನಕ್ಕು ಪ್ರಸಾದ ಕೊಟ್ಟು ಕಳಿಸಿದೆ. ಉತ್ತರ ಇವತ್ತು ಕೊಡುತ್ತೇನೆ, ಕೇಳಿ.

ಎಣ್ಣೆ ಗಿರಣಿಯ ಸಾಹುಕಾರನೊಬ್ಬ. ಯಾವ ಊರು ಎಂದು ಕೇಳಬೇಡಿ, ನಿಮ್ಮೂರೇ ಎಂದುಕೊಳ್ಳಿ. ಅವನಿಗೆ ಒಬ್ಬಳೇ ಮಗಳು, ಶಾಲೆಯಲ್ಲಿ ಎರಡನೆಯ ಇಯತ್ತೆ. ಅವಳ ಹೆಸರು? ನಿಮ್ಮ ಮಗಳ ಹೆಸರನ್ನೇ ಇಟ್ಟುಕೊಳ್ಳಿ, ಕಥೆ ಬೇಗ ತಿಳಿಯುತ್ತದೆ.

ಆ ಊರಿನ ಶಾಲೆಯಲ್ಲಿ ಒಂದು ಪದ್ಧತಿ. ಸಂಜೆ ಗಂಟೆ ಬಾರಿಸುವ ಮೊದಲು ಮಕ್ಕಳೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಬೇಕು. ಒಂದು ಮಗು ಮುಂದೆ ನಿಂತು ಮಗ್ಗಿ ಹೇಳಿಸಬೇಕು, ಉಳಿದವರು ಅದರ ಹಿಂದೆ ಹೇಳಬೇಕು. ಹಾಗೆ ಹೇಳಿಸುವ ಮಗು ಈ ಹುಡುಗಿಯೇ. "ಆರೊಂದ್ಲೆ ಆರು" ಎಂದು ಅವಳು ಕೂಗಿದರೆ ಓಣಿಯ ತುದಿಯಲ್ಲಿ ನಿಂತವರಿಗೂ ಕೇಳುತ್ತಿತ್ತು. ಅವಳಿಗೆ ಅದರಲ್ಲಿ ಎಷ್ಟು ಹೆಮ್ಮೆ ಎಂದರೆ, ಜ್ವರ ಬಂದ ದಿನವೂ ಸಂಜೆಯ ಹೊತ್ತಿಗೆ ಶಾಲೆಗೆ ಹೋಗುತ್ತೇನೆಂದು ಹಟ ಹಿಡಿಯುತ್ತಿದ್ದಳು.

ಬೇಸಿಗೆ ರಜೆ ಬಂತು. ಸಾಹುಕಾರ ಮನೆಮಂದಿಗೆಲ್ಲ ಹೇಳಿಬಿಟ್ಟ, "ನನ್ನ ಮಗಳು ವರ್ಷಪೂರ್ತಿ ದಣದಾಳ. ಆಕಿಗೆ ಯಾರೂ ಏನೂ ಹಚ್ಚಬ್ಯಾಡ್ರಿ." ನೋಡಿ, ಪ್ರೀತಿಯ ಮಾತೇ. ಆದರೆ ಆ ಮನೆಯಲ್ಲಿ ಏನಾಯಿತು? ಹುಡುಗಿ ಊಟಕ್ಕೆ ತಾಟು ಎಷ್ಟು ಇಡಲಿ ಎಂದು ಕೇಳಿದರೆ, "ನಿನಗ್ಯಾಕವ್ವಾ ಆ ಉಸಾಬರಿ, ನೀ ಆಡಹೋಗು." ಮಾವಿನಹಣ್ಣಿನ ಬುಟ್ಟಿ ಬಂದರೆ, ಅವಳು ಕೈ ಹಾಕುವ ಮೊದಲೇ ಆಳು ಎಣಿಸಿ ಒಳಗಿಟ್ಟಿರುತ್ತಿದ್ದ. ದುಡಿಮೆಯನ್ನು ತಪ್ಪಿಸಲು ಹೋಗಿ ಅವರು ಎಣಿಕೆಯನ್ನೇ ತಪ್ಪಿಸಿದರು. ಯಾರಿಗೂ ಗೊತ್ತಾಗಲಿಲ್ಲ. ಹುಡುಗಿಗಂತೂ ಗೊತ್ತಾಗಲೇ ಇಲ್ಲ.

ಜೂನ್ ಬಂತು, ಶಾಲೆ ತೆರೆಯಿತು. ಸಂಜೆ ಅವಳು ಎಂದಿನಂತೆ ಎದೆಯುಬ್ಬಿಸಿ ಮುಂದೆ ನಿಂತಳು. ಎರಡರ ಮಗ್ಗಿ ಆಯಿತು, ಮೂರರದಾಯಿತು. ಆರರದರಲ್ಲಿ ನಾಲಿಗೆ ನಿಂತಿತು. "ಆರೇಳ್ಲೆ..." ಮುಂದೇನು? ಮುಂದೆ ಏನೂ ಇಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಾಸ್ತರರು ಒಳ್ಳೆಯವರು, ಬೈಯಲಿಲ್ಲ. "ಇರಲಿ ಕುಂದ್ರವ್ವಾ, ನೆನಪಾದ ಮ್ಯಾಲೆ ಮತ್ತ ನೀನ ಹೇಳಸಾಕಿ" ಎಂದು ಬೇರೆ ಮಗುವನ್ನು ಕರೆದರು.

ಮನೆಗೆ ಬಂದ ಹುಡುಗಿ ಚೀಲ ಕೆಳಗಿಟ್ಟು ಒಂದೇ ಮಾತು ಹೇಳಿದಳು. "ಅವ್ವಾ, ನನಗ ಲೆಕ್ಕ ಬರಂಗಿಲ್ಲ."

ಈ ಮಾತನ್ನು ಗಮನಿಸಿ. ಮರೆತೆ ಎನ್ನಲಿಲ್ಲ. ಬರುವುದಿಲ್ಲ ಎಂದಳು. ಮರೆತದ್ದು ನಾಳೆ ನೆನಪಾದೀತು. ಆದರೆ ನನಗೆ ಬರುವುದಿಲ್ಲ ಎಂದು ಒಂದು ಮಗು ತನ್ನ ಬಗ್ಗೆ ತಾನೇ ತೀರ್ಪು ಕೊಟ್ಟುಕೊಂಡರೆ, ಅದನ್ನು ತೆಗೆಯುವವರು ಯಾರು? ಆ ವರ್ಷವಿಡೀ ಅವಳು ಹಿಂದಿನ ಸಾಲಿನಲ್ಲಿ ನಿಂತು ಬರೀ ತುಟಿ ಅಲ್ಲಾಡಿಸಿದಳು. ಮಾಸ್ತರರು ಕರೆದರೂ ಮುಂದೆ ಬರಲಿಲ್ಲ.

ಮರುವರ್ಷದ ಬೇಸಿಗೆಗೆ ಸಾಹುಕಾರ ಮೈಯೆಲ್ಲ ಎಚ್ಚರವಾದ. ಬಿಟ್ಟದ್ದೇ ತಪ್ಪಾಯಿತು, ಈ ಸಲ ಬಿಗಿಯಾಗಿ ಹಿಡಿಯುತ್ತೇನೆ ಎಂದು ಮನೆಗೆ ಒಬ್ಬ ಮಾಸ್ತರನನ್ನು ಗೊತ್ತುಮಾಡಿದ. ಮುಂಜಾನೆ ಒಂದು ಕೋಣೆಯಲ್ಲಿ ಕೂರಿಸಿದರೆ ಊಟದ ಹೊತ್ತಿನವರೆಗೆ ಲೆಕ್ಕ. ಹೊರಗೆ ಓಣಿಯ ಮಕ್ಕಳು ಕುಣಿಯುವ ಸದ್ದು, ಒಳಗೆ ಕೂಡುವ ಕಳೆಯುವ ಲೆಕ್ಕದ ಬೆವರು. ಕೆಲವೇ ದಿನಗಳಲ್ಲಿ ಹುಡುಗಿಗೆ ಮಾಸ್ತರನ ಸೈಕಲ್ಲಿನ ಗಂಟೆ ಕೇಳಿದೊಡನೆ ಹೊಟ್ಟೆನೋವು ಶುರುವಾಯಿತು. ನೀವು ನಗುತ್ತೀರಿ. ಆದರೆ ಆ ನೋವು ಸುಳ್ಳಲ್ಲ, ಅವಳ ಕೈಕಾಲು ನಿಜವಾಗಿಯೂ ತಣ್ಣಗಾಗುತ್ತಿದ್ದವು.

ಒಂದು ದಿನ ಅವಳ ತಾಯಿ ಗಂಡನಿಗೆ ಹೇಳಿದಳು, "ಇವತ್ತ ಮಾಸ್ತರಿಗೆ ಸೂಟಿ ಕೊಡ್ರಿ. ಮಾಳಿಗಿ ಮ್ಯಾಲೆ ಹಪ್ಪಳ ಮಾಡೋದೈತಿ, ನನಗ ಇಕಿ ಬೇಕು."

ಹಪ್ಪಳದ ದಿನ ಎಂದರೆ ಏನೆಂದು ಇಲ್ಲಿ ಕುಳಿತ ತಾಯಂದಿರಿಗೆ ನಾನು ಹೇಳಬೇಕೇ? ಇವತ್ತು ಇವರ ಮನೆ, ನಾಳೆ ಅವರ ಮನೆ. ಓಣಿಯ ಹೆಣ್ಣುಮಕ್ಕಳು ತಮ್ಮ ತಮ್ಮ ಲಟ್ಟಣಿಗೆ ಹಿಡಿದು ಬರುತ್ತಾರೆ. ಕೂಲಿ ಇಲ್ಲ. ಸಂಜೆ ಹೋಗುವಾಗ ಬಂದವರಿಗೆಲ್ಲ ಸಮಪಾಲಿನ ಹಪ್ಪಳ. ಹೆಚ್ಚು ಲಟ್ಟಿಸಿದವಳಿಗೂ ಅಷ್ಟೇ, ಮಾತಾಡುತ್ತ ಕಡಿಮೆ ಲಟ್ಟಿಸಿದವಳಿಗೂ ಅಷ್ಟೇ. ಆ ಊರಿನಲ್ಲಿ ಇನ್ನೊಂದು ಪಾಲು ಮಠದ ದಾಸೋಹಕ್ಕೆ. ಪಾಲು ಹಾಕುವವಳು ಮನೆಯ ಯಜಮಾನಿ. ಅದರಲ್ಲಿ ಹೆಚ್ಚುಕಡಿಮೆಯಾದರೆ ವರ್ಷಪೂರ್ತಿ ಬಾವಿಕಟ್ಟೆಯಲ್ಲಿ ಅದೇ ಮಾತು.

ಅವತ್ತು ಏಳು ಜನ ಬಂದಿದ್ದರು. ಸಂಜೆ ಒಣಗಿದ ಹಪ್ಪಳದಲ್ಲಿ ಮನೆಗೆ ಬೇಕಾದದ್ದನ್ನು ಒಳಗಿಟ್ಟು, ಹಂಚುವುದನ್ನು ಒಂದು ಕಡೆ ರಾಶಿ ಮಾಡಿ ತಾಯಿ ಮಗಳನ್ನು ಕರೆದಳು. "ಈ ಸರ್ತಿ ನೀನ ಪಾಲು ಹಾಕು."

ಹುಡುಗಿ ಹಿಂದೆ ಸರಿದಳು. "ನನಗ ಬರಂಗಿಲ್ಲಬೇ."

"ಬರದಿದ್ರ ತಪ್ಪು ಹಾಕು. ಹಾಕು ಅಂದ್ನಿ, ಬರತೈತೇನು ಅಂತ ಕೇಳ್ಲಿಲ್ಲ."

ಹುಡುಗಿ ಅಂದಾಜಿನಲ್ಲಿ ಗುಂಪು ಗುಂಪಾಗಿ ಇಟ್ಟಳು. ಎಲ್ಲರೂ ತಮ್ಮ ಪಾಲಿನ ಮುಂದೆ ಕುಳಿತರು. ಅವರಲ್ಲಿ ನೀಲಗಂಗವ್ವ ಎಂಬ ಹಿರಿಯ ಹೆಣ್ಣುಮಗಳು, ಬಾಯಿ ಸ್ವಲ್ಪ ಜೋರು. ತನ್ನ ಗುಂಪನ್ನು ಹುಡುಗಿಯ ಮುಂದೆ ಎತ್ತಿ ಹಿಡಿದು, "ಏನ ಸಾಹುಕಾರ್ತಿ, ನಾ ಲಟ್ಟಿಸಿದ್ದು ನಿನಗ ಕಾಣಲಿಲ್ಲೇನು? ಅವರಿಗೆಲ್ಲ ಹಪ್ಪಳ, ನನಗ ಬರೇ ಗಾಳಿ!" ಎಂದಳು. ಮಾಳಿಗೆಯೆಲ್ಲ ನಗೆ. ದಾಸೋಹದ ಪಾಲು ನೋಡಿದರೆ ಅಲ್ಲಿ ಏನೂ ಇಲ್ಲ, ಅದನ್ನು ಇಡುವುದೇ ಮರೆತಿತ್ತು. ಹುಡುಗಿಯ ಕಣ್ಣು ತುಂಬಿ ಬಂತು.

ಆಗಲೇ ಮೆಟ್ಟಿಲು ಹತ್ತಿ ಬಂದ ಸಾಹುಕಾರ. ಮಗಳ ಮುಖ ನೋಡಿದವನಿಗೆ ತಡೆಯಲಾಗಲಿಲ್ಲ. "ಹಪ್ಪಳಕ್ಕೇನ ಬರಾ ಬಂದೈತಿ? ಎಲ್ಲಾ ಹೊತ್ಗೊಂಡ ಹೋಗ್ರಿ. ಮಠಕ್ಕ ನಾ ಪ್ಯಾಟಿಯಿಂದ ಡಬ್ಬಿಗಟ್ಟಲೆ ತರಸ್ತೀನಿ. ನನ್ನ ಮಗಳನ್ನ ಅಳಸಬ್ಯಾಡ್ರಿ!"

ನೋಡಿ, ಉದಾರಿ. ದಾನಿ. ಇಂಥವನಿಗೆ ತಪ್ಪು ಎಂದು ಹೇಳುವುದು ಹೇಗೆ? ಹೆಂಡತಿ ಹೇಳಿದಳು. ದನಿ ಏರಿಸದೆ ಹೇಳಿದಳು.

"ನೀವ್ ಸುಮ್ನ ಕುಂದ್ರಿ. ನೀವು ಕೊಟ್ರ ಅವರ ಬುಟ್ಟಿ ತುಂಬತಾವ. ಇಕಿ ಕೈ ಖಾಲಿ ಉಳಿತೈತಿ."

ಸಾಹುಕಾರ ಕುಳಿತ. ಆಮೇಲೆ ಯಾರು ಮಾತಾಡಿದರು ಗೊತ್ತೇ? ಅದೇ ನೀಲಗಂಗವ್ವ. ಸೊಂಟದ ಚೀಲದಿಂದ ಎಲೆ ಅಡಿಕೆ ತೆಗೆದು, "ನಮಗೇನ ಗಡಿಬಿಡಿ ಇಲ್ಲ ತಂಗಿ. ಎಲ್ಲಾ ಕೂಡಿಸಿ ಮತ್ತ ಹಾಕು. ಅಲ್ಲೀತನಕ ನಾವ್ ಎಲಿ ತಿಂತೀವಿ" ಎಂದಳು. ಏಳೂ ಜನ ಎಲೆಗೆ ಸುಣ್ಣ ಸವರುತ್ತ ತಮ್ಮ ತಮ್ಮ ಮಾತಿಗೆ ಹೊರಳಿದರು. ಹುಡುಗಿಯ ಕಡೆ ಯಾರೂ ನೋಡಲಿಲ್ಲ. ಈ ನೋಡದಿರುವುದು ಇದೆಯಲ್ಲ, ಅದು ಬಹಳ ದೊಡ್ಡ ದಾನ.

ಹುಡುಗಿ ಎಲ್ಲವನ್ನೂ ಮತ್ತೆ ರಾಶಿ ಮಾಡಿದಳು. ಏಳು ಜನಕ್ಕೆ ಏಳು, ಮಠಕ್ಕೆ ಒಂದು, ಎಂಟು ಪಾಲು ಎಂದು ಬೆರಳು ಮಡಚಿ ಗಟ್ಟಿ ಮಾಡಿಕೊಂಡಳು. ಮೊದಲು ಒಂದೊಂದೇ ಇಡತೊಡಗಿದಳು. ಒಂದು ಸುತ್ತು ಸುತ್ತಿದ ಮೇಲೆ ರಾಶಿಯನ್ನು ನೋಡಿದಳು. ಇದು ಮುಗಿಯುವ ಹೊತ್ತಿಗೆ ಕತ್ತಲಾಗುತ್ತದೆ ಎನಿಸಿರಬೇಕು. ಇಟ್ಟದ್ದನ್ನು ಎತ್ತಿಕೊಂಡು ಐದೈದು ಇಟ್ಟಳು. ತನ್ನಷ್ಟಕ್ಕೇ, "ಎಂಟೈದ್ಲೆ ನಲವತ್ತು" ಎಂದಳು. ಯಾರೂ ಕೇಳಿರಲಿಲ್ಲ, ಯಾರೂ ಹೇಳಿಸಿರಲಿಲ್ಲ! ಮತ್ತೆ ಐದೈದು. ಉಳಿದದ್ದನ್ನು ಎಣಿಸಿದಳು, ಹದಿನಾರು. ಎರಡೆರಡು ಬಂತು. ರಾಶಿ ಖಾಲಿ.

"ನಿನ್ನ ಪಾಲು ಎಣಿಸ್ಕೋ ಅತ್ತಿ. ಹನ್ನೆರಡದಾವ."

ನೀಲಗಂಗವ್ವ ಬೇಕೆಂದೇ ಗಟ್ಟಿಯಾಗಿ ಎಣಿಸಿದಳು. "ಹನ್ನೆರಡು! ಬರೋಬ್ಬರಿ! ಸಾಹುಕಾರ್ರ, ನಾಳಿಂದ ಗಿರಣಿಗೆ ಇಕಿನ್ನ ಕಳಸ್ರಿ, ನೀವು ಹಪ್ಪಳ ಲಟ್ಟಸಾಕ ಬರ್ರಿ."

ಸಾಹುಕಾರನೂ ನಕ್ಕ. ಮರುದಿನದಿಂದ ಮಾಸ್ತರ ಬಂದರೆ ಒಂದಿಷ್ಟು ಹೊತ್ತು ಕುಳಿತು ಚಹಾ ಕುಡಿದು ಹೋಗುವಷ್ಟೇ ಪಾಠ. ಉಳಿದ ದಿನವೆಲ್ಲ ಹುಡುಗಿಗೆ ಆಟ, ಆಟದ ನಡುವೆ ಕೆಲಸ. ಹಪ್ಪಳ, ಶಾವಿಗೆ, ಸಂಡಿಗೆ ಯಾರ ಮನೆಯಲ್ಲಿ ನಡೆದರೂ ಸಂಜೆ ಕೂಗು ಬರುತ್ತಿತ್ತು, "ಪಾಲು ಹಾಕಾಕ ಹುಡುಗಿನ್ನ ಕಳಸ್ರಿ!"

ಜೂನ್‌ನಲ್ಲಿ ಮಾಸ್ತರರು ಕೇಳಿದರು, ಮಗ್ಗಿ ಯಾರು ಹೇಳಿಸುತ್ತೀರಿ? ಹಿಂದಿನ ಸಾಲಿನಿಂದ ಒಂದು ಕೈ ಎದ್ದಿತು. ಮುಂದೆ ಬಂದು ನಿಂತಳು. ಏಳರ ಮಗ್ಗಿಯಲ್ಲಿ, ಎಂಟನೆಯದಕ್ಕೆ ಬಂದಾಗ ನಾಲಿಗೆ ಮತ್ತೆ ನಿಂತಿತು. ಮತ್ತೆ ಯಾರೋ ನಕ್ಕರು. ಈ ಸಲ ಅವಳು ತಲೆ ತಗ್ಗಿಸಲಿಲ್ಲ. "ತಡೀರಿ" ಎಂದಳು. ನಲವತ್ತೊಂಬತ್ತಕ್ಕೆ ಏಳು ಕೂಡಿಸಿಕೊಂಡಳು. "ಏಳೆಂಟ್ಲೆ ಐವತ್ತಾರು!" ಅಂಗಳವೆಲ್ಲ ಅದನ್ನೇ ತಿರುಗಿ ಕೂಗಿತು. ಮರೆಯಲಿಲ್ಲವೇ? ಮರೆತಳು. ಆದರೆ ಮರೆತ ಜಾಗದಿಂದ ದಾರಿ ಹುಡುಕಿಕೊಂಡು ಬರುವುದು ಅವಳಿಗೆ ಗೊತ್ತಾಗಿತ್ತು.

ಈಗ ಹೇಳಿ, ಆ ಸಾಹುಕಾರ ಯಾರು? ಗಿರಣಿ ಇಲ್ಲದಿದ್ದರೇನು, ಇಲ್ಲಿ ಕುಳಿತ ಬಹಳ ಜನರಲ್ಲಿ ಅವನಿದ್ದಾನೆ. ಒಂದು ವರ್ಷ ಪೂರ್ತಿ ಬಿಡುತ್ತೇವೆ, ಒಂದು ವರ್ಷ ಕುತ್ತಿಗೆ ಹಿಡಿಯುತ್ತೇವೆ. ನಾವು ದೇವರ ಮುಂದೆ ದೀಪ ಹಚ್ಚುವುದಕ್ಕೆ ಎರಡು ತಿಂಗಳ ರಜೆ ಕೊಡುತ್ತೇವೆಯೇ? ಇಲ್ಲ. ಹಾಗೆಂದು ದಿನವಿಡೀ ದೀಪದ ಮುಂದೆ ಕೂರುತ್ತೇವೆಯೇ? ಅದೂ ಇಲ್ಲ. ನಿತ್ಯ ಸ್ವಲ್ಪ ಹೊತ್ತು, ಮನಸ್ಸಿಟ್ಟು. ಮಗುವಿನ ಲೆಕ್ಕಕ್ಕೂ ಇಷ್ಟೇ ಬೇಕು.

ನಾಳೆಯಿಂದ ರೊಟ್ಟಿ ಎಷ್ಟು ಬಡಿಯಬೇಕೆಂದು ನಿಮ್ಮ ಮಗುವನ್ನೇ ಕೇಳಿ. ಅದು ಹೇಳಿದಷ್ಟೇ ಬಡಿಯಿರಿ. ಕಡಿಮೆ ಬಿದ್ದರೆ ಯಾರಿಗೆ ಅರ್ಧ, ಯಾರಿಗೆ ಪೂರ್ತಿ ಎಂದು ಅದೇ ಹಂಚಲಿ. ಬಸ್ಸಿಗೆ ಇನ್ನೆಷ್ಟು ಹೊತ್ತಿದೆ ಎಂದು ಗಡಿಯಾರ ನೋಡಿ ಅದೇ ಹೇಳಲಿ. ರಾತ್ರಿ ಮಲಗುವಾಗ ಒಂದು ಮಗ್ಗಿ ನೀವೂ ಜೊತೆಗೆ ಹೇಳಿ, ನಿಮಗೂ ಎಷ್ಟು ಮರೆತಿದೆ ಎಂದು ಗೊತ್ತಾಗುತ್ತದೆ. ಮಗು ತಪ್ಪಿದಾಗ ಉತ್ತರ ನಿಮ್ಮ ನಾಲಿಗೆಯ ತುದಿಗೆ ಬರುತ್ತದೆ. ಅದನ್ನು ನುಂಗಿಕೊಳ್ಳಿ. ತಾಯಿತಂದೆಗಳ ತಪಸ್ಸು ಅಂದರೆ ಅದೇ.

ಸಾಕು, ಒಳಗೆ ಪ್ರಸಾದ ಸಿದ್ಧವಾಗಿದೆ. ಇವತ್ತು ದೊಡ್ಡವರು ಯಾರೂ ಏಳಬೇಡಿ. ಎಷ್ಟು ಪಂಕ್ತಿ, ಪಂಕ್ತಿಗೆ ಎಷ್ಟು ಎಲೆ, ಮಕ್ಕಳೇ ಎಣಿಸಿ ಹಾಕುತ್ತಾರೆ. ತಪ್ಪಾದರೆ ಅವರೇ ಎತ್ತಿ ಮತ್ತೆ ಹಾಕುತ್ತಾರೆ. ಅಷ್ಟು ಹೊತ್ತು ಹಸಿವು ತಡೆದುಕೊಂಡು ಸುಮ್ಮನೆ ಕುಳಿತಿರಿ, ನಾನೂ ಕುಳಿತಿರುತ್ತೇನೆ. ಏಳ್ರಪ್ಪಾ ಮಕ್ಕಳಾ, ಎಲಿ ತಗೋರಿ.